ಓಲೆಯೊಡನೆ ಬರುವ ಆಳು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಈಚಿನ ದಿನಗಳಲ್ಲಿ ಆ ಗಾದೆಗೆ ಮೂರನೆಯ ಮಾತೊಂದನ್ನು ಸೇರಿಸಲು ಅಡ್ಡಿಯಿಲ್ಲ: ಸ್ವಂತದ್ದೊಂದು ಜಾಲತಾಣವನ್ನು ಮಾಡಿ ನೋಡು. ಮನೆಗೂ ಮದುವೆಗೂ ಬೇಕಾಗುವಷ್ಟು ಹಣ ಇದಕ್ಕೆ ಬೇಕಿಲ್ಲ. ಆದರೆ ಅವೆರಡರಲ್ಲಿರುವಂತೆ ಸಲಹೆಗಾರರ ಕಾಟ ಇದರಲ್ಲಿಯೂ ತಪ್ಪಿದ್ದಲ್ಲ. ಆ ಸಲಹೆಗಳಲ್ಲೆಲ್ಲ ಹೆಚ್ಚು ಸಲ ಕೇಳಿಬರುವುದು, ಕೊಟ್ಟವನು ಮರೆತ ಮೇಲೆಯೂ ಪಡೆದವನನ್ನು ಬಹುಕಾಲ ಬಾಧಿಸುವುದು, ಸ್ಕ್ರಿಪ್ಟ್ ಹಾಕಬೇಕೆಂಬ ಸಲಹೆ.

ಸಾಗರದ ಸೀಮೆಯ ನಿವೃತ್ತ ಉಪಾಧ್ಯಾಯರೊಬ್ಬರನ್ನು ಓದುಗರು ಕಲ್ಪಿಸಿಕೊಳ್ಳಬಹುದು. ಅವರ ತಾಯಿ ಹಾಡುಗಾರ್ತಿ. ಹಸೆಗೆ ಕರೆಯುವ ಹಾಡು, ಆರತಿಯ ಹಾಡು, ತೊಟ್ಟಿಲ ಹಾಡು ಎಂದು ನೂರನಲವತ್ತು ಹಾಡುಗಳನ್ನು ಆಕೆ ಬಾಯಿಪಾಠವಾಗಿ ಬಲ್ಲವರು. ಅವನ್ನು ಮಗ ಎರಡು ನೋಟುಬುಕ್ಕುಗಳಲ್ಲಿ ಬರೆದಿಟ್ಟುಕೊಂಡಿದ್ದಾರೆ. ಹಲಕೆಲವು ಹಾಡುಗಳು ಆಕೆಯ ಧ್ವನಿಯಲ್ಲಿಯೇ ಮುದ್ರಣಗೊಂಡಿವೆ. ಈಗ ತಾಯಿ ಇಲ್ಲ. ಮಗಳು ಅಮೆರಿಕದಲ್ಲಿದ್ದಾಳೆ, ಮೊಮ್ಮಕ್ಕಳಿಗೆ ಕನ್ನಡದ ಮಾತು ಬರುತ್ತದೆ, ಅಕ್ಷರ ಬಾರದು. ಊರಿನಲ್ಲಿ ಆ ಹಾಡುಗಳನ್ನು ಪೂರ್ತಿಯಾಗಿ ಬಲ್ಲವರು ಯಾರೂ ಉಳಿದಿಲ್ಲ. ಹಾಡುಗಳನ್ನೆಲ್ಲ ಒಂದು ಜಾಲತಾಣದಲ್ಲಿ ಇಟ್ಟುಬಿಟ್ಟರೆ ತಾವಿಲ್ಲದ ಕಾಲಕ್ಕೂ ಅವು ಇರುತ್ತವೆಂಬುದು ಉಪಾಧ್ಯಾಯರ ಆಸೆ. ಬೆಂಗಳೂರಿನಲ್ಲಿ ಎಂಜಿನಿಯರಾಗಿರುವ ತಂಗಿಯ ಮಗ ರಜೆಗೆಂದು ಬಂದವನು ಉತ್ಸಾಹದಿಂದ ಕೆಲಸಕ್ಕೆ ಕೂರುತ್ತಾನೆ.

"ಮಾವ, ಹಾಡುಗಳನ್ನು ಸುಮ್ಮನೆ ಸಾಲಾಗಿ ಹಾಕಿದರೆ ಯಾರು ನೋಡುತ್ತಾರೆ? ಜಾವಾಸ್ಕ್ರಿಪ್ಟ್ ಹಾಕೋಣ. ಪುಟ ತಾನಾಗಿ ಸರಿಯುತ್ತದೆ, ಹಾಡು ಒಂದೊಂದಾಗಿ ಅರಳುತ್ತದೆ."

"ಅರಳುವುದು ಹಾಗಿರಲಿ ಮಾರಾಯ. ನಿನ್ನ ಅತ್ತೆಯ ಹಳೆಯ ಫೋನಿನಲ್ಲಿ ಅದು ಕಾಣುತ್ತದೆಯೋ ಇಲ್ಲವೋ, ಅದನ್ನು ಮೊದಲು ಹೇಳು."

ಮಾವನ ಪ್ರಶ್ನೆ ಮೇಲ್ನೋಟಕ್ಕೆ ಹಳ್ಳಿಗನ ಪ್ರಶ್ನೆಯಂತೆ ತೋರಬಹುದು. ವಿಷಯದ ಬುಡಕ್ಕೆ ಕೈ ಹಾಕಿದ ಪ್ರಶ್ನೆ ಅದೇ ಆಗಿದೆ.

ಜಾಲತಾಣದ ಪುಟವೆಂಬುದು ದೂರದ ಸರ್ವರಿನಿಂದ ಓದುಗನ ಕೈಯಲ್ಲಿರುವ ಯಂತ್ರಕ್ಕೆ ಬರುವ ಒಂದು ಓಲೆ. ಅದರಲ್ಲಿ ಸಾಮಾನ್ಯವಾಗಿ ಮೂರು ಭಾಗಗಳಿರುತ್ತವೆ. ಹೇಳಬೇಕಾದ ವಿಷಯ, ಶೀರ್ಷಿಕೆ, ಕೊಂಡಿ, ಚಿತ್ರಗಳ ಹೆಸರು, ಇವು ಎಚ್‌ಟಿಎಂಎಲ್ ಎಂಬ ಗುರುತುಭಾಷೆಯಲ್ಲಿರುತ್ತವೆ. ಅಕ್ಷರದ ಗಾತ್ರ, ಬಣ್ಣ, ಅಂಚು ಮುಂತಾದ ಅಲಂಕಾರ ಸಿಎಸ್‌ಎಸ್ ಎಂಬುದರಲ್ಲಿ. ಮೂರನೆಯದೇ ಸ್ಕ್ರಿಪ್ಟ್. ಇದು ಓದುವ ವಸ್ತುವಲ್ಲ, ಅಲಂಕಾರವೂ ಅಲ್ಲ; ಓದುಗನ ಯಂತ್ರಕ್ಕೆ ಕೊಟ್ಟ ಆಜ್ಞೆಗಳ ಪಟ್ಟಿ. ಓಲೆಯ ಜೊತೆಗೆ ಒಬ್ಬ ಆಳೂ ಬಂದು, ಓಲೆ ಪಡೆದವರ ಮನೆಯೊಳಗೆ ಕುಳಿತು, ಅವರ ಎಣ್ಣೆ, ಅವರ ಸೌದೆ ಬಳಸಿಕೊಂಡು ಕೆಲಸ ಮಾಡಿದರೆ ಹೇಗೋ ಹಾಗೆ. ಆಳು ಸಮರ್ಥನೂ ಪ್ರಾಮಾಣಿಕನೂ ಆಗಿದ್ದರೆ ಉಪಕಾರವುಂಟು. ಆದರೆ ಓಲೆಯನ್ನು ಬಿಚ್ಚಿ ಓದಿ ಹೇಳುವ ಕೆಲಸವನ್ನೂ ಅವನಿಗೇ ಒಪ್ಪಿಸಿದ್ದರೆ, ಅವನು ದಾರಿಯಲ್ಲಿ ತಪ್ಪಿಹೋದ ದಿನ ಓಲೆಯೂ ಇಲ್ಲದಂತಾಗುತ್ತದೆ.

ಈ ಆಳಿನ ಜನ್ಮವೃತ್ತಾಂತ ಸ್ವಾರಸ್ಯವಾದದ್ದು. 1995ರ ಮೇ ತಿಂಗಳಲ್ಲಿ ನೆಟ್‌ಸ್ಕೇಪ್ ಸಂಸ್ಥೆಯ ಬ್ರೆಂಡನ್ ಐಕ್ ಹತ್ತೇ ದಿನಗಳಲ್ಲಿ ಈ ಭಾಷೆಯ ಮೊದಲ ರೂಪವನ್ನು ಸಿದ್ಧಗೊಳಿಸಿದರು. ಮೊದಲು ಮೋಕಾ ಎಂದೂ ಬಳಿಕ ಲೈವ್‌ಸ್ಕ್ರಿಪ್ಟ್ ಎಂದೂ ಇದ್ದ ಹೆಸರು ಆ ವರ್ಷದ ಡಿಸೆಂಬರಿನಲ್ಲಿ ಜಾವಾಸ್ಕ್ರಿಪ್ಟ್ ಎಂದಾಯಿತು. ಆಗ ಜಾವಾ ಎಂಬ ಬೇರೊಂದು ಭಾಷೆಗೆ ಎಲ್ಲಿಲ್ಲದ ಮರ್ಯಾದೆ. ಹೆಸರಿನ ಬಲದಿಂದ ಅದರ ನೆರಳಿನಲ್ಲಿ ಬೆಳೆಯಲೆಂದು ಮಾಡಿದ ಏರ್ಪಾಡು. ನಿಜದಲ್ಲಿ ಅವೆರಡಕ್ಕೂ ಇರುವ ನಂಟು ಕಡಲೆಗೂ ಕಡಲಿಗೂ ಇರುವ ನಂಟು. ಅರ್ಜಿಯ ನಮೂನೆಯಲ್ಲಿ ಖಾಲಿ ಬಿಟ್ಟ ಜಾಗವನ್ನು ಎತ್ತಿ ತೋರಿಸುವುದು, ಗುಂಡಿ ಒತ್ತಿದಾಗ ಚಿತ್ರ ಬದಲಿಸುವುದು, ಇಂಥ ಸಣ್ಣಪುಟ್ಟ ಕೆಲಸಗಳಲ್ಲಿ ಅದು ಮೊದಲು ದುಡಿಯಿತು. ಆ ದಿನಗಳ ಸ್ವಂತ ತಾಣಗಳನ್ನು ಕಂಡವರಿಗೆ ಅದರ ಬಾಲಲೀಲೆಗಳೂ ನೆನಪಿರಬಹುದು: ಪುಟದ ಮೇಲೆ ಹಿಮ ಉದುರುವುದು, ಮೌಸಿನ ಬಾಣದ ಹಿಂದೆ ಗಡಿಯಾರವೊಂದು ಬಾಲದಂತೆ ತೇಲಿಬರುವುದು, ಕೆಳಗಿನ ಪಟ್ಟಿಯಲ್ಲಿ ಸುಸ್ವಾಗತವೆಂಬ ಮಾತು ರೈಲಿನಂತೆ ಓಡುವುದು. 2004ರ ಜಿಮೇಲ್, 2005ರ ಗೂಗಲ್ ನಕಾಶೆ ಬಂದ ಮೇಲೆ ಜಗತ್ತಿಗೆ ಬೇರೆಯೇ ದೃಶ್ಯ ಕಂಡಿತು. ಪುಟವನ್ನು ಮತ್ತೆ ತರಿಸದೆ ಅದರೊಳಗಿನ ವಸ್ತುವನ್ನು ಮಾತ್ರ ಬದಲಿಸಬಹುದು, ಬೆರಳಿನಿಂದ ನಕಾಶೆಯನ್ನೇ ಸರಿಸಬಹುದು ಎಂದಾದಾಗ ಆಟದ ಹುಡುಗನಂತಿದ್ದ ಆಳು ಮನೆಯ ಮುಖ್ಯ ಕಾರಭಾರಿಯಾದ.

ಕಾರಭಾರಿಯಿಲ್ಲದೆ ನಡೆಯದ ಮನೆಗಳುಂಟು. ಬ್ಯಾಂಕಿನ ವ್ಯವಹಾರ, ನಕಾಶೆ, ಹಲವರು ಒಟ್ಟಿಗೆ ತಿದ್ದುವ ಲೆಕ್ಕದ ಹಾಳೆ, ಇವು ಪುಟಗಳೆನ್ನುವುದಕ್ಕಿಂತ ಯಂತ್ರಗಳೇ ಸರಿ. ಅವುಗಳಿಗೆ ಸ್ಕ್ರಿಪ್ಟ್ ಬೇಕೇಬೇಕು. ಪೇಚು ಬರುವುದು, ಅಂಥ ಮನೆಗಳಿಗೆಂದು ಮಾಡಿದ ಸಲಕರಣೆಗಳನ್ನು ನೂರನಲವತ್ತು ಹಾಡುಗಳ ತಾಣಕ್ಕೂ ಹೊತ್ತು ತರುವಾಗ. ಪುಟ ಬರಿದಾಗಿ ಬರುತ್ತದೆ. ಸ್ಕ್ರಿಪ್ಟ್ ಇಳಿದು, ಎಚ್ಚೆತ್ತು, ಹಾಡುಗಳನ್ನು ಇನ್ನೊಂದು ಕಡೆಯಿಂದ ತರಿಸಿ, ಜೋಡಿಸಿದ ಮೇಲೆಯೇ ಓದುಗನಿಗೆ ಮೊದಲ ಅಕ್ಷರ ಕಾಣುತ್ತದೆ. ನೆಂಟರಿಗೆ ಊಟ ಬಡಿಸುವ ಬದಲು ಅಕ್ಕಿಬೇಳೆಯೊಡನೆ ಅಡಿಗೆಯವನನ್ನೂ ಅವರವರ ಮನೆಗೆ ಅಟ್ಟಿದಂತಾಯಿತು.

ಆಳು ಬಾರದಿದ್ದರೆ?

ಈಗಿನ ಎಲ್ಲ ಫೋನುಗಳಲ್ಲಿಯೂ ಜಾವಾಸ್ಕ್ರಿಪ್ಟ್ ನಡೆಯುತ್ತದೆ, ಅದನ್ನು ಮುಚ್ಚಿಟ್ಟುಕೊಳ್ಳುವವರು ಸಾವಿರಕ್ಕೊಬ್ಬರಿಬ್ಬರು, ಅವರಿಗಾಗಿ ಏಕೆ ತಲೆ ಕೆಡಿಸಿಕೊಳ್ಳಬೇಕು ಎಂಬ ವಾದವುಂಟು. ವಾದದ ಮೊದಲರ್ಧ ನಿಜ. ಆದರೆ 2013ರಲ್ಲಿ ಬ್ರಿಟಿಷ್ ಸರಕಾರದ ಡಿಜಿಟಲ್ ಸೇವಾ ವಿಭಾಗದವರು ತಮ್ಮ ತಾಣಕ್ಕೆ ಬಂದವರನ್ನು ಎಣಿಸಿ ನೋಡಿದಾಗ ವಿಚಿತ್ರವಾದ ಸಂಗತಿ ಹೊರಬಿತ್ತು. ಒಟ್ಟು ಶೇಕಡ 1.1ರಷ್ಟು ಸಂದರ್ಶನಗಳಲ್ಲಿ ಸ್ಕ್ರಿಪ್ಟಿನ ಪ್ರಯೋಜನ ದೊರೆತಿರಲಿಲ್ಲ. ಅದರಲ್ಲಿ, ಸ್ಕ್ರಿಪ್ಟನ್ನು ತಾವಾಗಿ ನಿಲ್ಲಿಸಿದ್ದ ಅಥವಾ ಅದನ್ನು ನಡೆಸಲಾರದ ಬ್ರೌಸರ್ ಇದ್ದ ಪಾಲು ಶೇಕಡ 0.2 ಮಾತ್ರ. ಉಳಿದ ಶೇಕಡ 0.9ರ ಪಾಲಿನಲ್ಲಿ ಬ್ರೌಸರಿಗೆ ಸಾಮರ್ಥ್ಯವಿತ್ತು, ಅನುಮತಿಯೂ ಇತ್ತು, ಆದರೂ ಸ್ಕ್ರಿಪ್ಟ್ ನಡೆದಿರಲಿಲ್ಲ. ಸಂಪರ್ಕ ನಡುದಾರಿಯಲ್ಲಿ ಕಡಿದಿರಬಹುದು, ಕಚೇರಿಯ ತಡೆಗೋಡೆ ತಡೆದಿರಬಹುದು, ಜಾಹೀರಾತು ತಡೆಯುವ ಉಪಕರಣವೊಂದು ಜಾಹೀರಾತಲ್ಲದ್ದನ್ನೂ ತಡೆದಿರಬಹುದು. ತೊಂದರೆಗೊಳಗಾದವರು ಹಟವಾದಿಗಳಲ್ಲ, ಆ ಗಳಿಗೆಯಲ್ಲಿ ಅದೃಷ್ಟ ಕೈಕೊಟ್ಟ ಯಾರೋ ಒಬ್ಬರು. ಸಕಲೇಶಪುರ ದಾಟಿ ಘಾಟಿಯ ಸುರಂಗಗಳಲ್ಲಿ ಹೋಗುತ್ತಿರುವ ರೈಲಿನಲ್ಲಿ ಫೋನು ಹಿಡಿದು ಕುಳಿತವರೆಲ್ಲರೂ ಆ ಪಾಲಿಗೆ ಸೇರತಕ್ಕವರೇ.

ಇದಕ್ಕೆ ಭಾಷೆಯ ಸ್ವಭಾವವೂ ಒಂದು ಕಾರಣ. ಎಚ್‌ಟಿಎಂಎಲ್ ಬಹು ಸೈರಣೆಯುಳ್ಳದ್ದು. ತನಗೆ ತಿಳಿಯದ ಗುರುತೊಂದು ಬಂದರೆ ಬ್ರೌಸರ್ ಅದನ್ನು ಕಡೆಗಣಿಸಿ ಒಳಗಿನ ಮಾತನ್ನು ಹಾಗೆಯೇ ತೋರಿಸುತ್ತದೆ. ಸಿಎಸ್‌ಎಸ್ ಕೂಡ ಅಷ್ಟೇ. ಅರಿಯದ ನಿಯಮವನ್ನು ದಾಟಿ ಮುಂದಕ್ಕೆ ಹೋಗುತ್ತದೆ. ಜಾವಾಸ್ಕ್ರಿಪ್ಟಿಗೆ ಆ ಸೈರಣೆ ಇಲ್ಲ. ಒಂದು ಕಡತದಲ್ಲಿ ವ್ಯಾಕರಣದ ತಪ್ಪೊಂದಿದ್ದರೆ, ಅಥವಾ ಹಳೆಯ ಬ್ರೌಸರ್ ಅರಿಯದ ಹೊಸ ಪ್ರಯೋಗವೊಂದಿದ್ದರೆ, ಆ ಕಡತವೆಲ್ಲವೂ ನಿಷ್ಫಲ. ನೂರು ಸಾಲುಗಳಲ್ಲಿ ತೊಂಬತ್ತೊಂಬತ್ತು ಸರಿಯಿದ್ದರೂ ನೂರನೆಯದರ ಅಪರಾಧಕ್ಕೆ ಎಲ್ಲಕ್ಕೂ ಶಿಕ್ಷೆ. ಎಂಜಿನಿಯರರು ಹೊಸ ಯಂತ್ರದಲ್ಲಿ ಬರೆದು ಪರೀಕ್ಷಿಸುತ್ತಾರೆ. ಅತ್ತೆಯ ಫೋನು ಎಂಟು ವರ್ಷ ಹಳೆಯದು. ಮಾವ ಕೇಳಿದ್ದು ಇದನ್ನೇ.

ಭಾರದ ಲೆಕ್ಕವನ್ನೂ ನೋಡಬೇಕು. ಯೂನಿಕೋಡಿನ ರೂಢಿಯ ಬರವಣಿಗೆಯಲ್ಲಿ ಕನ್ನಡದ ಒಂದೊಂದು ಅಕ್ಷರಚಿಹ್ನೆಗೂ ಮೂರು ಬೈಟುಗಳು ಬೇಕು. ಇಂಗ್ಲಿಷಿನ ಅಕ್ಷರಕ್ಕೆ ಒಂದೇ ಸಾಕು. ಆದರೂ ಎರಡು ಸಾವಿರ ಪದಗಳ ಒಂದು ಕನ್ನಡ ಲೇಖನ, ಅಡಕಗೊಳಿಸದೆ ಹಾಗೆಯೇ ಕಳಿಸಿದರೂ, ಸುಮಾರು 50 ಕಿಲೋಬೈಟ್ ಆದೀತು. ನೂರನಲವತ್ತು ಹಾಡುಗಳನ್ನೂ ಒಂದೇ ಪುಟದಲ್ಲಿ ಒಟ್ಟಿದರೆ ಅದರ ನಾಲ್ಕೈದು ಪಟ್ಟು. 2024ರ ಹೊತ್ತಿಗೆ ಅಂತರಜಾಲದ ನಡುವಣ ದರ್ಜೆಯ ಪುಟವೊಂದು ಅಡಕಗೊಳಿಸಿದ ಮೇಲೆಯೂ ಹೊತ್ತು ತರುತ್ತಿದ್ದ ಸ್ಕ್ರಿಪ್ಟ್ ಮಾತ್ರವೇ 500 ಕಿಲೋಬೈಟುಗಳನ್ನು ಮೀರಿತ್ತು. ಅಷ್ಟೇ ಗಾತ್ರದ ಚಿತ್ರ ಬಂದರೆ ಯಂತ್ರ ಅದನ್ನು ಬಿಡಿಸಿ ತೋರಿಸಿ ಸುಮ್ಮನಾಗುತ್ತದೆ. ಸ್ಕ್ರಿಪ್ಟನ್ನಾದರೋ ಓದಬೇಕು, ಅರ್ಥೈಸಬೇಕು, ನಡೆಸಬೇಕು. ಅಗ್ಗದ ಫೋನು ಬಿಸಿಯಾಗುವುದೂ ಬ್ಯಾಟರಿ ಬೇಗ ಇಳಿಯುವುದೂ ಇಂಥ ಕೆಲಸದಿಂದಲೇ. ಆ ವಿದ್ಯುತ್ತಿಗೆ ಹಣ ತೆರುವವನು ತಾಣದ ಯಜಮಾನನಲ್ಲ.

ಬೇರೆಯವರ ಆಳು

ಸ್ವಂತ ತಾಣದವರು ಸ್ಕ್ರಿಪ್ಟನ್ನು ತಾವೇ ಬರೆಯುವುದು ಅಪರೂಪ. ಬಂದುಹೋದವರನ್ನು ಎಣಿಸುವುದಕ್ಕೆ ಒಂದು, ಚಿತ್ರಗಳನ್ನು ಸರಿಸುವುದಕ್ಕೆ ಒಂದು, ಹೀಗೆ ಯಾರದೋ ತಾಣದಲ್ಲಿರುವ ಸ್ಕ್ರಿಪ್ಟನ್ನು ಒಂದು ಸಾಲಿನ ಆಜ್ಞೆಯಿಂದ ಕರೆಸಿಕೊಳ್ಳುವುದೇ ಹೆಚ್ಚು. ಕರೆಸಿಕೊಂಡ ದಿನ ಅದು ಸಾಧುವಾಗಿಯೇ ಇರುತ್ತದೆ. ನಾಳೆ ಅದೇ ವಿಳಾಸದಿಂದ ಏನು ಬಂದೀತು ಎಂಬುದು ಕರೆಸಿಕೊಂಡವನ ಅಧೀನದಲ್ಲಿಲ್ಲ.

2018ರ ಫೆಬ್ರವರಿಯಲ್ಲಿ ಇದಕ್ಕೊಂದು ನಿದರ್ಶನ ದೊರಕಿತು. ಓದಲು ಕಷ್ಟಪಡುವವರಿಗಾಗಿ ಪುಟವನ್ನು ಗಟ್ಟಿಯಾಗಿ ಓದಿ ಹೇಳುವ ಬ್ರೌಸಲೌಡ್ ಎಂಬ ಸ್ಕ್ರಿಪ್ಟೊಂದಿತ್ತು, ಪರೋಪಕಾರದ ಕೆಲಸ. ಯಾರೋ ದುಷ್ಕರ್ಮಿಗಳು ಅದರ ಮೂಲದಲ್ಲಿಯೇ ನಾಲ್ಕು ಸಾಲು ಸೇರಿಸಿಬಿಟ್ಟರು. ನಾಲ್ಕು ಸಾವಿರಕ್ಕೂ ಮಿಕ್ಕ ತಾಣಗಳಲ್ಲಿ, ಬ್ರಿಟನ್ನಿನ ಮಾಹಿತಿ ಆಯುಕ್ತರ ಕಚೇರಿಯ ತಾಣವೂ ಸೇರಿದಂತೆ, ಓದಲು ಬಂದವರ ಯಂತ್ರಗಳು ಅವರಿಗೆ ಅರಿವಿಲ್ಲದಂತೆ ಯಾರಿಗೋ ಕ್ರಿಪ್ಟೋ ನಾಣ್ಯವನ್ನು ದುಡಿದು ಕೊಡತೊಡಗಿದುವು. ಜನರ ಖಾಸಗಿ ವಿವರಗಳನ್ನು ರಕ್ಷಿಸಬೇಕಾದ ಕಚೇರಿಯ ಬಾಗಿಲಲ್ಲಿಯೇ ಬಿಟ್ಟಿ ದುಡಿಮೆ!

2024ರ ಸಂಗತಿ ಇನ್ನೂ ಬೋಧಪ್ರದ. ಹಳೆಯ ಬ್ರೌಸರುಗಳಿಗೆ ಹೊಸ ಸೌಕರ್ಯಗಳನ್ನು ತುಂಬಿಕೊಡುವ ಪಾಲಿಫಿಲ್ ಎಂಬ ಸೇವೆಯೊಂದಿತ್ತು. ಬಡವರ ಪಕ್ಷಪಾತಿಯಾದ ಸ್ಕ್ರಿಪ್ಟ್ ಎಂದರೂ ಸಲ್ಲುತ್ತದೆ. ಅದರ ವಿಳಾಸ ಆ ವರ್ಷದ ಫೆಬ್ರವರಿಯಲ್ಲಿ ಕೈಬದಲಾಯಿತು. ಜೂನ್ ವೇಳೆಗೆ ಅದೇ ವಿಳಾಸದಿಂದ ಬರುತ್ತಿದ್ದ ಸ್ಕ್ರಿಪ್ಟ್ ಕೆಲವು ಫೋನುಗಳನ್ನು ಜೂಜಿನ ತಾಣಗಳತ್ತ ತಿರುಗಿಸುತ್ತಿರುವುದು ಬಯಲಾಯಿತು. ಅದನ್ನು ಕರೆಸಿಕೊಳ್ಳುತ್ತಿದ್ದ ತಾಣಗಳು ಲಕ್ಷಕ್ಕೂ ಹೆಚ್ಚು. ಅವುಗಳಲ್ಲಿ ಎಷ್ಟೋ ತಾಣಗಳ ಯಜಮಾನರು ಆ ಸಾಲನ್ನು ಬರೆದದ್ದನ್ನೇ ಮರೆತಿದ್ದರೆ ಆಶ್ಚರ್ಯವಿಲ್ಲ. ಅಜ್ಜಿಯ ತೊಟ್ಟಿಲ ಹಾಡು ಕೇಳಲೆಂದು ಬಂದ ಮೊಮ್ಮಗಳು ಜೂಜುಕಟ್ಟೆಗೆ ಹೋಗಿ ನಿಲ್ಲುವುದನ್ನು ಯಾವ ತಾತ ತಾನೇ ಸಹಿಸಿಯಾನು? ಸ್ಕ್ರಿಪ್ಟ್ ಬೇಕೇ ಬೇಕೆಂದರೆ ಅದರ ಪ್ರತಿಯನ್ನು ತನ್ನ ಸರ್ವರಿನಲ್ಲಿಯೇ ಇಟ್ಟುಕೊಳ್ಳುವುದು ಕ್ಷೇಮ. ಬಂದವರ ಸಂಖ್ಯೆಯನ್ನು ತಿಳಿಯುವ ಚಪಲವಿದ್ದರೆ ಸರ್ವರಿನ ದಿನಚರಿಯೇ ಅದನ್ನು ಸುಮಾರಾಗಿ ಹೇಳುತ್ತದೆ. ಅದಕ್ಕಾಗಿ ಓದುಗನ ಬೆನ್ನ ಹಿಂದೆ ಗೂಢಚಾರನನ್ನು ನೇಮಿಸಬೇಕಾಗಿಲ್ಲ.

ಇವೆಲ್ಲ ಇಂದಿನ ತೊಂದರೆಗಳು. ಉಪಾಧ್ಯಾಯರ ಕಣ್ಣಿರುವುದು ಮುಂದಿನ ಮೂವತ್ತು ವರ್ಷಗಳ ಮೇಲೆ.

ಟಿಮ್ ಬರ್ನರ್ಸ್‌-ಲೀ ಅವರು ಜಿನೀವಾ ಬಳಿಯ ಸರ್ನ್ ಸಂಸ್ಥೆಯಲ್ಲಿ ರಚಿಸಿ, 1991ರ ಆಗಸ್ಟಿನಲ್ಲಿ ಹೊರಜಗತ್ತಿಗೆ ತಿಳಿಯಪಡಿಸಿದ ಮೊಟ್ಟಮೊದಲ ಜಾಲತಾಣದಲ್ಲಿ ಸ್ಕ್ರಿಪ್ಟ್ ಇರಲಿಲ್ಲ. ಸ್ಕ್ರಿಪ್ಟ್ ಇನ್ನೂ ಹುಟ್ಟಿಯೇ ಇರಲಿಲ್ಲ. ಅದರ ಉಳಿದಿದ್ದ ಹಳೆಯ ಪ್ರತಿಯೊಂದನ್ನು ಆ ಸಂಸ್ಥೆಯವರು 2013ರಲ್ಲಿ ಮೂಲ ವಿಳಾಸದಲ್ಲಿಯೇ ಮತ್ತೆ ಇರಿಸಿದರು. ಇಂದಿನ ಯಾವ ಫೋನಿನಲ್ಲಾದರೂ ಅದನ್ನು ಓದಬಹುದು. ಅದಕ್ಕಿಂತ ಎಷ್ಟೋ ಈಚೆಗೆ, ಎಷ್ಟೋ ವೈಭವದಿಂದ ಫ್ಲ್ಯಾಷ್ ಎಂಬ ಉಪಕರಣವನ್ನು ನಂಬಿ ಕಟ್ಟಿದ ತಾಣಗಳ ಗತಿ ಏನಾಯಿತು? 2020ರ ಕೊನೆಯ ದಿನ ಅಡೋಬ್ ಸಂಸ್ಥೆ ಅದಕ್ಕೆ ನೀಡುತ್ತಿದ್ದ ಬೆಂಬಲವನ್ನು ನಿಲ್ಲಿಸಿತು. ಮರು ತಿಂಗಳೇ ಅದು ನಡೆಯದಂತಾಯಿತು. ಹಾಡು ಕೇಳಿಸಲು ಫ್ಲ್ಯಾಷನ್ನು ಮಾತ್ರ ನಂಬಿದ್ದ ಪುಟಗಳು ಅಂದಿನಿಂದ ಮೂಕವಾಗಿವೆ.

ಕನ್ನಡಿಗರಿಗಂತೂ ಈ ಪಾಠ ಹೊಸದಲ್ಲ. ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ, 1991ರಲ್ಲಿ, ಕನ್ನಡಕ್ಕೆ ಸ್ಥಾನ ದೊರೆತಿದ್ದರೂ ಅದು ಮನೆಮನೆಯ ಗಣಕಕ್ಕೆ ಬರಲು ಬಹುಕಾಲ ಹಿಡಿಯಿತು. ಅಲ್ಲಿಯವರೆಗೆ ಕನ್ನಡದ ಪುಟಗಳೆಂದರೆ ಒಂದೊಂದು ಫಾಂಟಿಗೂ ಬೇರೆ ಬೇರೆ ಸಂಕೇತ; ಆ ಫಾಂಟು ಇಲ್ಲದ ಯಂತ್ರದಲ್ಲಿ ಅದೇ ಪುಟ ಇಂಗ್ಲಿಷ್ ಅಕ್ಷರ, ಚುಕ್ಕೆ, ಕೊಕ್ಕೆಗಳ ಕಲಸುಮೇಲೋಗರ. ಪುಟದೊಡನೆಯೇ ಫಾಂಟನ್ನು ಕಳುಹಿಸುವ ಉಪಾಯವನ್ನೂ ಮಾಡಿದರು. ನೆಟ್‌ಸ್ಕೇಪಿಗೆ ಒಂದು ಬಗೆ, ಇಂಟರ್ನೆಟ್ ಎಕ್ಸ್‌ಪ್ಲೋರರಿಗೆ ಇನ್ನೊಂದು ಬಗೆ. ಬ್ರೌಸರುಗಳು ಬದಲಾದವು, ಉಪಾಯ ಕೆಟ್ಟಿತು, ಅಕ್ಷರಗಳು ಮತ್ತೆ ಕಲಸಿಹೋದವು. ಆ ಲೇಖನಗಳನ್ನು ಬರೆದವರ ಶ್ರಮ ಸುಳ್ಳಲ್ಲ, ವಿದ್ಯೆ ಸುಳ್ಳಲ್ಲ. ಓದುವುದಕ್ಕೆ ನಡುವೆ ಒಬ್ಬ ಸಹಾಯಕ ಬೇಕೆಂಬ ಕಟ್ಟು ಮಾತ್ರ ಅವರಿಗೆ ಮುಳುವಾಯಿತು.

ಹಾಗೆಂದು ಸ್ಕ್ರಿಪ್ಟಿಗೆ ಬಹಿಷ್ಕಾರ ಹಾಕಬೇಕೆಂದು ಹೊರಡುವುದೂ ಒಂದು ಬಗೆಯ ಮಡಿವಂತಿಕೆಯೇ. ಕನ್ನಡ ವಿಕಿಪೀಡಿಯವನ್ನು ನೋಡಬಹುದು. ಸ್ಕ್ರಿಪ್ಟ್ ನಿಲ್ಲಿಸಿದ ಬ್ರೌಸರಿನಲ್ಲಿಯೂ ಅದರ ಲೇಖನಗಳು ಸಾಂಗವಾಗಿ ಓದಲು ಸಿಗುತ್ತವೆ. ಆದರೆ ಕನ್ನಡದ ಕೀಲಿಮಣೆ ಇಲ್ಲದ ಯಂತ್ರದಿಂದ ಕನ್ನಡದಲ್ಲಿ ಬರೆಯಲು ಕೂತವನಿಗೆ, ಇಂಗ್ಲಿಷ್ ಅಕ್ಷರಗಳನ್ನು ಒತ್ತುತ್ತಿದ್ದಂತೆ ಕನ್ನಡವಾಗಿ ಮಾಡಿಕೊಡುವ ಏರ್ಪಾಡು ಅಲ್ಲಿ ಸ್ಕ್ರಿಪ್ಟಿನದೇ. ಎಷ್ಟೋ ಮಂದಿ ಗಣಕದಲ್ಲಿ ಕನ್ನಡ ಬರೆಯಲು ಕಲಿತದ್ದು ಇಂಥ ಸಹಾಯದಿಂದ. ಚಿತ್ರ ಬರೆಯುವವನಿಗೆ, ಆಟ ಕಟ್ಟುವವನಿಗೆ, ಆ ಭಾಷೆಯನ್ನು ಕಲಿಯುತ್ತಿರುವ ಹುಡುಗನಿಗೆ ಸ್ಕ್ರಿಪ್ಟೇ ವಸ್ತು. ಅವರ ತಾಣಗಳಿಗೆ ಹಾಡಿನ ತಾಣದ ನಿಯಮವನ್ನು ಹೇಳುವುದು ಅನ್ಯಾಯ.

ಓದುವ ತಾಣದಲ್ಲಿ ಗೆರೆ ಎಲ್ಲಿ ಎಳೆಯಬೇಕೆಂಬುದನ್ನು ಉಪಾಧ್ಯಾಯರ ನೋಟುಬುಕ್ಕಿನಿಂದಲೇ ಕಾಣಬಹುದು. ಮೊಮ್ಮಕ್ಕಳಿಗಾಗಿ ಹಾಡುಗಳು ಇಂಗ್ಲಿಷ್ ಲಿಪಿಯಲ್ಲಿಯೂ ಬೇಕು. ಗುಂಡಿ ಒತ್ತಿದೊಡನೆ ಲಿಪಿ ಬದಲಿಸುವ ಸ್ಕ್ರಿಪ್ಟನ್ನು ಅಳಿಯ ಒಂದು ಸಂಜೆಯಲ್ಲಿ ಬರೆದಾನು. ಆದರೆ ಲಿಪ್ಯಂತರದ ಫಲ ಯಾವ ಓದುಗನಿಗೂ ಒಂದೇ. ಒಂದೇ ಆಗಿರುವ ಕೆಲಸವನ್ನು ಪ್ರತಿ ಓದುಗನ ಯಂತ್ರದಲ್ಲಿಯೂ ಮರಳಿ ಮರಳಿ ಮಾಡಿಸುವುದರ ಬದಲು ಅದೇ ಸ್ಕ್ರಿಪ್ಟನ್ನು ಮನೆಯ ಗಣಕದಲ್ಲಿ ಒಮ್ಮೆ ಓಡಿಸಿ, ಬಂದ ಫಲವನ್ನು ಬೇರೊಂದು ಪುಟವಾಗಿ ಇಟ್ಟರೆ ಮುಗಿಯಿತು. ಅಳಿಯನ ವಿದ್ಯೆಯೂ ವ್ಯರ್ಥವಾಗದು. ಲಿಪ್ಯಂತರದಲ್ಲಿ ಎಲ್ಲಿಯಾದರೂ ತಪ್ಪಿದ್ದರೆ ಮಾವನೇ ಕಣ್ಣಾಡಿಸಿ ತಿದ್ದಲೂಬಹುದು; ಗ್ರಾಮ್ಯ ಉಚ್ಚಾರದ ಹಾಡುಗಳಲ್ಲಿ ಅದು ಬೇಕಾಗಿಯೇ ಬರುತ್ತದೆ.

ಧ್ವನಿಯ ಮಾತೂ ಹಾಗೆಯೇ. 2014ರಲ್ಲಿ ಅಧಿಕೃತವಾದ ಎಚ್‌ಟಿಎಂಎಲ್‌ನ ಐದನೆಯ ಆವೃತ್ತಿಯಲ್ಲಿ ಧ್ವನಿಗೂ ಚಲಚ್ಚಿತ್ರಕ್ಕೂ ಅವುಗಳದೇ ಗುರುತುಗಳಿವೆ. ಹಾಡು ನುಡಿಸಲು, ನಿಲ್ಲಿಸಲು ಬ್ರೌಸರೇ ಗುಂಡಿಗಳನ್ನು ಒದಗಿಸುತ್ತದೆ. ಮೂರು ನಿಮಿಷದ ಹಾಡೊಂದು ಸಾಧಾರಣ ಗುಣಮಟ್ಟದಲ್ಲಿಯೂ ಒಂದೂವರೆ ಮೆಗಾಬೈಟಿನ ಹತ್ತಿರ ಹೋಗುವುದರಿಂದ, ಗುಂಡಿ ಒತ್ತುವ ತನಕ ಹಾಡನ್ನು ಇಳಿಸಬೇಡವೆಂದು ಸೂಚಿಸುವ ಅವಕಾಶವೂ ಅಲ್ಲೇ ಇದೆ. ಕಠಿಣ ಪದಗಳ ಅರ್ಥವನ್ನು ಮಡಚಿಟ್ಟು, ಬೇಕೆಂದವರು ಬಿಚ್ಚಿಕೊಳ್ಳುವಂತೆ ಮಾಡಬಹುದು. ರಾತ್ರಿಯ ಹೊತ್ತು ಕಪ್ಪು ಹಿನ್ನೆಲೆ ಬಯಸುವವರಿಗೆ ಹಾಗೆ ತೋರಿಸುವುದು ಸಿಎಸ್‌ಎಸ್‌ನಿಂದಲೇ ಆಗುತ್ತದೆ. ಒಂದು ಕಾಲಕ್ಕೆ ಇವಕ್ಕೆಲ್ಲ ಸ್ಕ್ರಿಪ್ಟ್ ಬೇಕಾಗಿತ್ತು. ಅಗತ್ಯ ಹೋದರೂ ಅಭ್ಯಾಸ ಉಳಿದಿದೆ.

ಓದುಗನಿಂದ ಓದುಗನಿಗೆ ಬೇರೆಯಾಗುವ ಕೆಲಸವೊಂದು ಉಳಿಯಿತು: ಹುಡುಕುವುದು. ಮಲ್ಲಿಗೆಯ ಹೆಸರು ಬರುವ ಹಾಡುಗಳಾವುವು ಎಂದು ಒಬ್ಬರಿಗೆ ಬೇಕು, ಬೀಗರನ್ನು ಹಾಸ್ಯಮಾಡುವ ಹಾಡು ಇನ್ನೊಬ್ಬರಿಗೆ. ಇದನ್ನು ಮೊದಲೇ ಮಾಡಿಡಲಾಗದು. ಇಲ್ಲಿ ಆಳಿಗೆ ನಿಜವಾದ ಕೆಲಸವುಂಟು. ಅಂತೂ ಅವನೊಬ್ಬನನ್ನೇ ನಂಬಬೇಕಾಗಿಲ್ಲ. ಹಳೆಯ ಹಾಡಿನ ಪುಸ್ತಕಗಳ ಕೊನೆಯಲ್ಲಿರುವಂತೆ ಮೊದಲ ಸಾಲುಗಳ ಅಕಾರಾದಿ ಪಟ್ಟಿಯೊಂದನ್ನು ಪುಟವಾಗಿ ಕೊಡಬಹುದು. ಮದುವೆ, ಸೀಮಂತ, ತೊಟ್ಟಿಲು ಎಂಬ ಸಂದರ್ಭಗಳ ಪಟ್ಟಿಯನ್ನೂ ಕೊಡಬಹುದು. ಜನಪದದ ಹಾಡಿನಲ್ಲಿ ಒಂದೇ ಮಾತು ನಾಲ್ಕು ಬಗೆಯಾಗಿ ಬರುತ್ತದೆ, ಯಂತ್ರ ಅಕ್ಷರಶಃ ಹುಡುಕುತ್ತದೆ. ಎಷ್ಟೋ ವೇಳೆ ಯಂತ್ರಕ್ಕೆ ಸಿಗದ ಹಾಡು ಪಟ್ಟಿಯಲ್ಲಿ ಕಣ್ಣಿಗೆ ಬೀಳುವುದುಂಟು.

ಹುಡುಕುವ ಪೆಟ್ಟಿಗೆಯನ್ನು ಇಡುವುದಕ್ಕೂ ಒಂದು ಮರ್ಯಾದೆಯಿದೆ. ಪುಟದಲ್ಲಿ ಅದನ್ನು ಮೊದಲೇ ಬರೆದಿಟ್ಟರೆ, ಸ್ಕ್ರಿಪ್ಟ್ ಬಾರದ ದಿನ ಅದು ಬರಿಯ ಬೊಂಬೆಯಾಗಿ ನಿಂತು ಓದುಗನನ್ನು ವಂಚಿಸುತ್ತದೆ. ಸ್ಕ್ರಿಪ್ಟ್ ಬಂದು ನಡೆದಾಗ ತಾನೇ ಪೆಟ್ಟಿಗೆಯನ್ನು ನಿರ್ಮಿಸುವಂತೆ ಬರೆದರೆ, ಬಾರದ ದಿನ ಪೆಟ್ಟಿಗೆಯೂ ಇರುವುದಿಲ್ಲ, ಪಟ್ಟಿ ಮಾತ್ರ ಇರುತ್ತದೆ. ಮೊದಲು ಸರಳವಾದುದನ್ನು ಸಂಪೂರ್ಣವಾಗಿ ಕೊಟ್ಟು, ಅದರ ಮೇಲೆ ಸೌಕರ್ಯಗಳನ್ನು ಸೇರಿಸುತ್ತ ಹೋಗುವ ಈ ಕ್ರಮಕ್ಕೆ 2003ರಲ್ಲಿ ಸ್ಟೀವನ್ ಶಾಂಪಿಯನ್ ಮತ್ತು ನಿಕ್ ಫಿಂಕ್ ಎಂಬಿಬ್ಬರು ಹೆಸರನ್ನೂ ಕೊಟ್ಟಿದ್ದಾರೆ, ಪ್ರೋಗ್ರೆಸಿವ್ ಎನ್‌ಹಾನ್ಸ್‌ಮೆಂಟ್ ಎಂದು. ಹೆಸರು ದೊಡ್ಡದು, ಕೆಲಸ ಸಣ್ಣದು.

ಪರೀಕ್ಷೆಯೂ ಕಷ್ಟವಲ್ಲ. ಕ್ರೋಮ್ ಬ್ರೌಸರಿನ ಸೆಟ್ಟಿಂಗ್ಸ್‌ನಲ್ಲಿ ಜಾವಾಸ್ಕ್ರಿಪ್ಟನ್ನು ನಿಲ್ಲಿಸುವ ಅವಕಾಶವಿದೆ. ಅಳಿಯ ರಜೆ ಮುಗಿಸಿ ಹೊರಡುವ ಮುನ್ನಾದಿನ, ಅತ್ತೆಯ ಫೋನನ್ನು ತೆಗೆದುಕೊಂಡು ಅದನ್ನು ನಿಲ್ಲಿಸಿ ತಾಣವನ್ನು ತೆರೆಯಬಹುದು. ಹುಡುಕುವ ಪೆಟ್ಟಿಗೆ ಮಾಯವಾಗಿರುತ್ತದೆ. ಅಕಾರಾದಿ ಪಟ್ಟಿ ಇರುತ್ತದೆ. ಅದರಲ್ಲಿ ಬೆರಳಿಟ್ಟರೆ ಹಾಡು ಬರುತ್ತದೆ, ಹಾಡಿನ ಕೆಳಗೆ ಇಂಗ್ಲಿಷ್ ಲಿಪಿಯ ಪುಟಕ್ಕೊಂದು ಕೊಂಡಿ, ಅದರ ಕೆಳಗೆ ಸಣ್ಣದೊಂದು ಗುಂಡಿ. ಅದನ್ನು ಒತ್ತಿದರೆ ಮುದುಕಿ ಗಂಟಲು ಸರಿಮಾಡಿಕೊಂಡು ಹಾಡತೊಡಗುತ್ತಾರೆ.